ಮೂವತ್ತೊಂದನೆಯ ಪುಟ

ನನ್ನ ಅಮ್ಮನ ಊಟವನ್ನು ನಾನು ಮೊದಲ ಸಲ ಎದುರು ಕೂತು ನೋಡಿದ್ದು ನನಗೆ ಐವತ್ತಮೂರು ತುಂಬಿದ ಮೇಲೆ. ನೋಡಿದ್ದೇ ತಪ್ಪಾಯಿತು. ರಾಯಚೂರಿನ ನಮ್ಮ ಮನೆಯ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಆಕೆಯ ಬಲಗೈ ಮಣಿಕಟ್ಟು ಮುರಿದಿತ್ತು, ಮೊಣಕೈವರೆಗೂ ಪ್ಲಾಸ್ಟರು ಹಾಕಿದ್ದರು. ಎಪ್ಪತ್ತೊಂಬತ್ತು ವರ್ಷದ ಹೆಂಗಸು ತಾನೇ ಉಣ್ಣಲಾರಳು, ನಾನೇ ಉಣಿಸಬೇಕು ಎಂದುಕೊಂಡು ಅನ್ನ ಸಾರು ಕಲಸಿ, ತುತ್ತು ಮಾಡಿ, ಬಾಯಿಯ ಹತ್ತಿರ ಒಯ್ದೆ. ಅಮ್ಮ ತುಟಿ ಬಿಗಿದು ಮುಖ ತಿರುಗಿಸಿದಳು. ಮಧ್ಯಾಹ್ನವೂ ಅಷ್ಟೇ, ಸಂಜೆಯೂ ಅಷ್ಟೇ, ಮರುದಿನವೂ ಅಷ್ಟೇ. ಚಮಚ ಕೊಟ್ಟು ಎಡಗೈಯಲ್ಲಿ ತಿನ್ನು ಎಂದರೆ ಒಂದೇ ಉತ್ತರ:

"ಎಡಗೈಲೆ ಉಣಬಾರದು."

ನೀರು, ಮಜ್ಜಿಗೆ ಮಾತ್ರ ಇಳಿಯುತ್ತಿತ್ತು. ಲೋಟವನ್ನು ಎಡಗೈಯಲ್ಲಿ ಎತ್ತಿ ಕುಡಿಯಬಹುದಂತೆ, ಅದಕ್ಕೆ ಎಲ್ಲೂ ನಿಷೇಧವಿಲ್ಲವಂತೆ. ಮೂರನೆಯ ದಿನ ಬೆಳಗ್ಗೆ ಡಾಕ್ಟರಿಗೆ ಫೋನು ಮಾಡಿದೆ. ನಾಳೆ ಬೆಳಗಿನವರೆಗೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ, ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು. ಅಪ್ಪ ಇದ್ದಾಗ ತುರುಬಿಗೆ ಮುಡಿದ ಹೂವಿನ ದಂಡೆ ಕುತ್ತಿಗೆಗೆ ತಾಗಿದರೂ ಇಡೀ ದಿನ ಮಂಕಾಗುತ್ತಿದ್ದ ಹೆಂಗಸು ಅವಳು. ಗೊತ್ತಿಲ್ಲದ ನಾಲ್ಕು ಕೈಗಳು, ಟ್ಯೂಬ್‌ಲೈಟು, ಮೂಗಿನಲ್ಲಿ ನಳಿಗೆ. ಅಲ್ಲಿಗೆ ಹೋದರೆ ಅಮ್ಮ ಹಿಂದಿರುಗಿ ಬರುವುದಿಲ್ಲ, ಬಂದರೂ ಅಮ್ಮನಾಗಿ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನನಗೆ ಇಂಥ ಖಾತ್ರಿಗಳು ದಿನಕ್ಕೆ ಹತ್ತು ಆಗುತ್ತವೆ, ಒಂಬತ್ತು ಸುಳ್ಳಾಗುತ್ತವೆ. ನಮ್ಮ ಮನೆಯವರು ಹೇಳುವ ಹಾಗೆ, ನನಗೆ ಚಿಂತೆ ಮಾಡಲು ಕಾರಣ ಬೇಕಿಲ್ಲ, ಪುರುಸೊತ್ತು ಸಿಕ್ಕರೆ ಸಾಕು. ಆದರೆ ಈ ಹತ್ತನೆಯದು ನಿಜವಾದರೆ? ಸ್ಟೀಲಿನ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದ ನನ್ನ ತಲೆಯಲ್ಲಿ ಆವತ್ತು ಓಡಿದ್ದೆಲ್ಲ ನಾನು ಹುಟ್ಟಿ ಬೆಳೆದ ಮಾನ್ವಿಯ ಮನೆ. ಇವಳಿಗೆ ಉಣಿಸುವ ದಾರಿ ಎಲ್ಲಾದರೂ ಇದ್ದರೆ ಅದು ಆ ಮನೆಯಲ್ಲೇ ಇರಬೇಕಿತ್ತು.

ಆ ಮನೆ ಬಸ್‌ಸ್ಟ್ಯಾಂಡಿನಿಂದ ಮೂರು ಓಣಿ ಒಳಗಿತ್ತು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆ: ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಪಕ್ಕಕ್ಕೆ ಕಿಟಕಿಯಿಲ್ಲದ ದೇವರಮನೆ, ಕೊನೆಗೆ ಅಡುಗೆಮನೆ, ಅದರಾಚೆ ಬಾವಿಯಿದ್ದ ಹಿತ್ತಲು. ಪಡಸಾಲೆ ಊರಿನದು, ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದರಿಂದ ಯಾರಾದರೊಬ್ಬರು ಅಲ್ಲಿ ಕೂತೇ ಇರುತ್ತಿದ್ದರು. ನಡುಮನೆ ನನ್ನದು ಮತ್ತು ಅಪ್ಪನದು. ಅಡುಗೆಮನೆಯ ಹೊಸ್ತಿಲಿನಾಚೆ ಅಮ್ಮನ ರಾಜ್ಯ. ಅಲ್ಲಿ ಎತ್ತರದ ಬಿದಿರಿನ ಗಳುವಿನ ಮೇಲೆ ಅವಳ ಮಡಿಸೀರೆ ಒಣಗುತ್ತಿತ್ತು, ಅದನ್ನು ಕೋಲಿನಿಂದ ಎತ್ತಿ ಹಾಕಿ ಕೋಲಿನಿಂದಲೇ ಇಳಿಸುತ್ತಿದ್ದಳು. ಹಲಗೆಯ ಮೇಲೆ ಹದಿನೇಳು ಡಬ್ಬಿ, ಪ್ರತಿಯೊಂದರ ಮುಚ್ಚಳದ ಮೇಲಿನ ಹಿಡಿಕೆ ಒಂದೇ ದಿಕ್ಕಿಗೆ. ಸೋಮವಾರ ಹೀರೆಕಾಯಿ, ಮಂಗಳವಾರ ಚವಳೆಕಾಯಿ, ಬುಧವಾರ ಹೆಸರುಬೇಳೆ. ಸಂತೆಯಲ್ಲಿ ಹೀರೆಕಾಯಿ ಸಿಗದಿದ್ದರೆ ಆ ವಾರ ಸೋಮವಾರವೇ ಹುಟ್ಟಲಿಲ್ಲವೇನೋ ಎಂಬಂತೆ ಅಮ್ಮ ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಬಾಗಿಲನ್ನು ಮುಕ್ಕಾಲು ಮುಚ್ಚಿ, ಗೋಡೆಗೆ ಮುಖ ಮಾಡಿ, ಪತ್ರಾವಳಿಯ ಮುಂದೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ತೆರೆದ ಕಾಲು ಬಾಗಿಲಿನಲ್ಲಿ ಬೆನ್ನಿನ ಒಂದು ಭಾಗ, ಮೇಲೆ ಕೆಳಗೆ ಆಡುವ ಒಂದು ಮೊಣಕೈ ಕಾಣುತ್ತಿತ್ತು. ನನ್ನ ತಾಯಿ ಉಣ್ಣುತ್ತಾಳೆ ಎಂಬುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ಆ ಮೊಣಕೈ ಒಂದೇ.

ಊರಿನ ಹೆಂಗಸರು ಇದಕ್ಕೆಲ್ಲ ಒಂದೇ ಹೆಸರು ಕೊಟ್ಟಿದ್ದರು: ಮಡಿ. ವೈಷ್ಣವರ ಓಣಿಯಲ್ಲಿ ಮಡಿ ಮಾಡದವರು ಯಾರು? ಆದರೆ ಅಮ್ಮನದು ಪಂಥ ಕಟ್ಟಿ ಗೆಲ್ಲುವಂಥ ಮಡಿ. ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ, ಅವಳು ಯಾರನ್ನೂ ಮುಟ್ಟುವುದಿಲ್ಲ. ಭತ್ತದ ಸುಗ್ಗಿಯಲ್ಲಿ ರೈಸ್‌ಮಿಲ್ಲುಗಳು ಬೆಳಗಿನಿಂದ ಗಿರಗುಟ್ಟತೊಡಗಿದರೆ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡುತ್ತಿದ್ದಳು. ಅದು ಮೌನವ್ರತ ಎಂದರು. ಉಳಿದ ಹತ್ತಿಯಲ್ಲಿ ಗಂಟೆಗಟ್ಟಲೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು, ಅಂಗೈಯಿಂದ ತೊಡೆಯ ಮೇಲೆ, ಒಂದೇ ಉದ್ದ, ಒಂದೇ ದಪ್ಪ, ಕಣ್ಣು ಎಲ್ಲೋ ನೆಟ್ಟು. ಅದು ಭಕ್ತಿ ಎಂದರು. ಹೊಸ ಸೊಸೆಯಂದಿರನ್ನು ನಮ್ಮ ನಡುಮನೆಗೆ ಕರೆತಂದು, ಒಳಗೆ ಕೂತ ಅಮ್ಮನನ್ನು ದೇವರ ದರ್ಶನ ಮಾಡಿಸಿದ ಹಾಗೆ ದೂರದಿಂದ ತೋರಿಸುತ್ತಿದ್ದರು.

"ನೋಡ್ಕೋರಿ, ಮಡಿ ಅಂದ್ರ ಮಾಸ್ತರ ಮನಿಯಾಕೀದು. ನಮ್ದೆಲ್ಲಾ ಬರೇ ಒದ್ದಿ ಸೀರಿ."

ಈ ಖ್ಯಾತಿಯ ಕಾವಲುಗಾರ ಅಪ್ಪ. ಯಾರಾದರೂ ಬಂದಾಗ ಅಮ್ಮ ಒಳಗಿನಿಂದ ಹೊರಬರಲಾರದೆ ಹೋದರೆ, ಪಡಸಾಲೆಯಿಂದಲೇ ಅವನ ದನಿ ಕೇಳುತ್ತಿತ್ತು: "ಆಕಿ ಮಡಿಯಾಗ ಇದ್ದಾಳ್ರೀ." ಬೆಳಗ್ಗೆ ಎಂಟಕ್ಕೂ ಅದೇ, ಮಧ್ಯಾಹ್ನ ನಾಲ್ಕಕ್ಕೂ ಅದೇ, ಒಮ್ಮೆ ಓಣಿಯವರೆಲ್ಲ ಕೂಡಿ ಹೊರಟ ಮದುವೆಯ ಬಸ್ಸಿನ ಬಾಗಿಲಲ್ಲೂ ಅದೇ. ನಾನು ಸಹಾಯಕ ಕಾವಲುಗಾರ್ತಿ. ಶಾಲೆಯಿಂದ ಬಂದ ತಕ್ಷಣ ಚೀಲ ಇಳಿಸುವ ಮೊದಲು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ: ಬತ್ತಿಯ ಬುಟ್ಟಿ ಅವಳ ಎಡಕ್ಕಿದೆಯೇ, ಬಲಕ್ಕಿದೆಯೇ? ಎಡಕ್ಕಿದ್ದರೆ ದಿನ ನೆಟ್ಟಗಿದೆ. ಬಲಕ್ಕಿದ್ದರೆ ಏನೋ ಆಗಿದೆ. ಬುಟ್ಟಿಯೇ ಇಲ್ಲದಿದ್ದರೆ ಹಿತ್ತಲಿಗೆ ಓಡಬೇಕು. ಎಂಟು ಒಂಬತ್ತು ವರ್ಷಕ್ಕೆ ನಾನು ಮನೆಯ ಗಾಳಿ ಮೂಸಿ ಹವಾಮಾನ ಹೇಳಬಲ್ಲವಳಾಗಿದ್ದೆ. ಆ ಮೂಗು ಇಂದಿಗೂ, ನಾನೇ ಶಾಲೆಯಲ್ಲಿ ಕಲಿಸುವವಳಾದ ಮೇಲೂ, ಬಿಟ್ಟಿಲ್ಲ. ಶಾಲೆಯ ಸ್ಟಾಫ್‌ರೂಮಿನಲ್ಲಿ ಯಾರಾದರೂ ಕಪ್ಪನ್ನು ಸ್ವಲ್ಪ ಜೋರಾಗಿ ಇಟ್ಟರೆ ನಾನು ಏನು ತಪ್ಪು ಮಾಡಿದೆ ಎಂದು ಲೆಕ್ಕ ಹಾಕಲು ಶುರು ಮಾಡುತ್ತೇನೆ.

ಒಂದು ಮಾತು ಇಲ್ಲೇ ಹೇಳಬೇಕು. ಹಿತ್ತಲಿಗೆ ಪಾತ್ರೆ ತಿಕ್ಕಲು ಈರಮ್ಮ ಎಂಬುವಳು ಬರುತ್ತಿದ್ದಳು. ಅವಳು ತಿಕ್ಕಿ ಬೋರಲು ಹಾಕಿದ ಪಾತ್ರೆಗಳ ಮೇಲೆ ಅಮ್ಮ ದೂರದಿಂದ ನೀರು ಸುರಿದು ಒಳಗೆ ತರುತ್ತಿದ್ದಳು. ಅಮ್ಮ ಸ್ವಂತ ಮಗಳನ್ನೂ ಮುಟ್ಟದವಳು ಎಂಬುದು ಈರಮ್ಮನಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗಿದ್ದರೂ ಅವಳ ಎದುರಿಗೆ ಆ ನೀರು ಬೀಳುತ್ತಿದ್ದುದು ಬೀಳುತ್ತಲೇ ಇತ್ತು. ಅಮ್ಮನನ್ನು ಕಾಪಾಡಿದ ಗೋಡೆಯ ಆಚೆ ಬದಿಯಲ್ಲಿ ಯಾರೋ ನಿಂತಿದ್ದರು, ಅದನ್ನು ಕಟ್ಟಿದ್ದೇ ಅವರನ್ನು ಆಚೆ ನಿಲ್ಲಿಸಲು. ನಾನು ಇದನ್ನು ಯೋಚಿಸಲು ನಲವತ್ತು ವರ್ಷ ತೆಗೆದುಕೊಂಡೆ. ನನ್ನ ಚಿಂತೆಯೆಲ್ಲ ಆಗ ಗೋಡೆಯ ಈಚೆಗೇ ಖರ್ಚಾಗುತ್ತಿತ್ತು.

ಮೂವತ್ತೊಂದನೆಯ ಪುಟದ ಸಂಗತಿ ನಡೆದದ್ದು ಸಿರವಾರದ ಅತ್ಯಾ ಬಂದಾಗ. ಅತ್ಯಾ ಅಂದರೆ ಅಪ್ಪನ ಅಕ್ಕ. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು, ಒಂದು ಗಳಿಗೆ ಸುಮ್ಮನೆ ಕೂಡುವವಳಲ್ಲ. ಅವತ್ತು ಅಮ್ಮ ಹಿತ್ತಲಲ್ಲಿ ತುಳಸಿಗೆ ನೀರು ಹಾಕಿ ಬರುವಷ್ಟರಲ್ಲಿ, ಪಾಪ ಒಬ್ಬಾಕೆಯೇ ದುಡಿಯುತ್ತಾಳೆ ಎಂದು, ಹದಿನೇಳು ಡಬ್ಬಿಗಳನ್ನೂ ಇಳಿಸಿ, ಒರೆಸಿ, ಕೈಗೆ ಸಿಗುವ ಹಾಗೆ ಹೊಸದಾಗಿ ಜೋಡಿಸಿಬಿಟ್ಟಳು. ನಾನು ಶಾಲೆಯಿಂದ ಬಂದಾಗ ಬತ್ತಿಯ ಬುಟ್ಟಿ ಇರಲಿಲ್ಲ. ಅಮ್ಮ ಬಾವಿಕಟ್ಟೆಯ ಹತ್ತಿರ ತಂಬಿಗೆ ಹಿಡಿದು ನಿಂತಿದ್ದಳು, ಹಿಂದೆ ಮುಂದೆ, ಹಿಂದೆ ಮುಂದೆ, ತೊಟ್ಟಿಲಿನ ಹಾಗೆ ಮೈ ತೂಗುತ್ತಿತ್ತು. ಕಣ್ಣು ಗೋಡೆಯ ಮೇಲೆ. ಕರೆದರೆ ಕೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಅತ್ಯಾ ಕಣ್ಣೊರೆಸಿಕೊಳ್ಳುತ್ತ ಅಪ್ಪನ ದಾರಿ ಕಾಯುತ್ತಿದ್ದಳು. ಅಪ್ಪ ಬಂದು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡಲಿಲ್ಲ.

"ನಾ ಮುಟ್ಟಿದ ಡಬ್ಬಿ ಮೈಲಿಗಿ ಆತೇನೋ ನಿನ್ನ ಹೆಂಡ್ತಿಗೆ? ನಾನೂ ಇದ ಮನಿತನದಾಗ ಹುಟ್ಟೀನಿ. ನನ್ನ ಮಡಿ ಏನ್ ಕಮ್ಮಿ ಆಗೇದ ಹೇಳು!"

"ಅಕ್ಕಾ, ನೀ ಮೊದ್ಲ ಕೂಡು. ಆಕಿ ಮಡಿಯಾಗ ಇದ್ದಾಳ."

"ಊಟಾಗಿ ಎರಡು ತಾಸು ಆತು. ಈಗ್ಯಾವ ಮಡಿಯೋ? ಈಗಿಂದೀಗ ನನ್ನ ಬಸ್ಸಿಗೆ ಹತ್ತಸು."

ಅಪ್ಪ ಒಮ್ಮೆ ಹಿತ್ತಲಿನ ಕಡೆ ನೋಡಿದ. ಗೂಟಕ್ಕೆ ನೇತುಹಾಕಿದ್ದ ಮಠದ ಪಂಚಾಂಗವನ್ನು ತೆಗೆದ, ಸುಣ್ಣದಕಡ್ಡಿಯ ಬಿಳಿ ಮೆತ್ತಿದ ಬೆರಳಿನಿಂದ ಹಾಳೆ ತಿರುವಿದ, ಕನ್ನಡಕ ಏರಿಸಿಕೊಂಡ.

"ಮೂವತ್ತೊಂದನೇ ಪುಟ. ಇಲ್ಲೇ ಬರದದ ನೋಡಕ್ಕಾ. ಆಷಾಢದಾಗ ಧಾನ್ಯದ ಪಾತ್ರಿ ಸ್ಥಾನ ಬಿಟ್ಟು ಸರಸಬಾರದು. ಗೊತ್ತಿಲ್ಲದ ಸರಸಿದ್ರ ದೋಷ ಇಲ್ಲ, ಆದ್ರ ಸೂರ್ಯ ಮುಳುಗೂದ್ರೊಳಗ ಆಯಾ ಪಾತ್ರಿ ಆಯಾ ಸ್ಥಾನಕ್ಕ ತಿರುಗಿ ಇಡಬೇಕು. ಮನಿ ಯಜಮಾನನ ಇಡಬೇಕು."

ಅತ್ಯಾಳ ಅಳು ಅಲ್ಲಿಗೇ ನಿಂತಿತು. "ಹಂಗ ಬರದದೇನು?" ಎಂದು ಕೈ ಮುಗಿದಳು. "ನನಗ ಗೊತ್ತಿದ್ದಿಲ್ಲೋ ಯಪ್ಪಾ. ಆಕೀಗೆ ಸಿಟ್ಟು ಬಂದದ್ದು ಖರೇನ ಅದ ಹಂಗಾದ್ರ."

ಅಪ್ಪ ಅಂಗಿಯ ತೋಳು ಮಡಿಸಿಕೊಂಡು ಹಲಗೆಯ ಮುಂದೆ ನಿಂತ. ಅಮ್ಮ ಬಾವಿಕಟ್ಟೆಯಿಂದಲೇ, ಗೋಡೆಯ ಮೇಲಿನ ಕಣ್ಣು ತೆಗೆಯದೆ, ಹೇಳತೊಡಗಿದಳು: ತೊಗರಿಬ್ಯಾಳಿ, ಕಡ್ಲಿಬ್ಯಾಳಿ, ಹೆಸರು, ಉದ್ದು. ಹದಿನೇಳನೆಯದು ಬರುವಷ್ಟರಲ್ಲಿ ಮೈ ತೂಗುವುದು ನಿಂತಿತ್ತು. ಆಮೇಲೆ ಎಲ್ಲರಿಗೂ ಚಹಾ ಆಯಿತು.

ಸಂಜೆ ಯಾರೂ ಇಲ್ಲದಾಗ ನಾನು ಆ ಪಂಚಾಂಗ ಇಳಿಸಿ ಮೂವತ್ತೊಂದನೆಯ ಪುಟ ತೆರೆದೆ. ಅಲ್ಲಿ ಪಾತ್ರೆಯೂ ಇರಲಿಲ್ಲ, ಧಾನ್ಯವೂ ಇರಲಿಲ್ಲ. ಮಳೆ ನಕ್ಷತ್ರಗಳ ಪಟ್ಟಿಯಿತ್ತು. ಯಾವ ಮಳೆ ಎಂದು ಹುಟ್ಟುತ್ತದೆ, ಯಾವ ವಾಹನದ ಮೇಲೆ ಬರುತ್ತದೆ, ಕಪ್ಪೆಯೋ, ಕತ್ತೆಯೋ, ನವಿಲೋ ಎಂದು. ಅಪ್ಪ ಸುಳ್ಳು ಓದಿದ್ದಾನೆ, ಅದೂ ಪಂಚಾಂಗದಲ್ಲಿ. ಹಿಂದೆ ಕುಕ್ಕರು ಮನೆಗೆ ಬಂದಾಗ, ಅದರ ಸೀಟಿ ಕೇಳಲಾರದೆ ಅಮ್ಮ ಒಲೆ ಬಿಟ್ಟು ಓಡಿದಾಗ ಓದಿದ್ದೂ ಇದೇ ಪುಟ. ನನ್ನ ಮೊದಲ ಕೂದಲು ತೆಗೆಸಿದ ಜಾವಳದ ಹೊತ್ತಿಗೆ ಐವತ್ತು ಜನರ ನಡುವೆ ಕೂಡಲಾರದೆ ಹೋದಾಗ ತಾಯಿ ದೇವರಮನೆಯಲ್ಲೇ ಇರಬೇಕು ಎಂದು ಓದಿದ್ದೂ ಇದೇ ಪುಟವಂತೆ. ದೇವರು ಏನನ್ನುತ್ತಾನೆ ಎಂಬ ಭಯಕ್ಕಿಂತ ದೊಡ್ಡ ಭಯ ಬೇರೆಯಿತ್ತು: ಅಮ್ಮ ನೋಡಿಬಿಟ್ಟರೆ? ಅವಳು ಪಂಚಾಂಗವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ, ಮುದ್ರಕರ ಹೆಸರನ್ನೂ ಬಿಡದೆ ಓದುವವಳು. ಅಪ್ಪನ ಮಾತು ಸುಳ್ಳೆಂದು ಗೊತ್ತಾದ ದಿನ ಅವಳು ಬಾವಿಕಟ್ಟೆಯ ಹತ್ತಿರ ನಿಂತರೆ ಮತ್ತೆ ಒಳಗೆ ಬರುವುದಿಲ್ಲ. ಅನ್ನ ಬಸಿದ ಗಂಜಿ ತಂದು ಮೂವತ್ತನ್ನೂ ಮೂವತ್ತೊಂದನ್ನೂ ಒಂದಕ್ಕೊಂದು ಅಂಟಿಸಿಬಿಟ್ಟೆ. ಅಲ್ಲಿಂದ ಪ್ರತಿ ಯುಗಾದಿಗೂ ಹೊಸ ಪಂಚಾಂಗ ಬಂದ ಕೂಡಲೇ ನನ್ನ ಮೊದಲ ಕೆಲಸ ಇದೇ. ಉಳಿದ ಮಕ್ಕಳು ಬೇವು ಬೆಲ್ಲ ತಿನ್ನುತ್ತಿದ್ದರೆ ನಾನು ಗಂಜಿಯ ಬಟ್ಟಲು ಮುಚ್ಚಿಟ್ಟುಕೊಂಡು ಅಲೆಯುತ್ತಿದ್ದೆ. ಮದುವೆಯಾಗಿ ರಾಯಚೂರಿಗೆ ಬರುವಾಗಲೂ ಎಲ್ಲರೂ ಅಳುತ್ತಿದ್ದದ್ದು ಬೇರೆ ಕಾರಣಕ್ಕೆ, ನಾನು ಅತ್ತದ್ದು ಇನ್ನು ಮುಂದೆ ಯಾರು ಅಂಟಿಸುತ್ತಾರೆ ಎಂದು.

ಅದೇ ವರ್ಷಗಳಲ್ಲಿ ನನಗೆ ವಿಷಮಜ್ವರ ಬಂದಿತ್ತು. ಮುಟ್ಟದ ತಾಯಿಯ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಹಾಸಿಗೆಯಲ್ಲೇ ಹುಟ್ಟಿದ್ದು. ಒಂದು ಸಲ ಹಣೆಯ ಮೇಲೆ ಕೈಯಿಟ್ಟರೆ ಸಾಕಿತ್ತು. ಅವಳು ಗೋಡೆ ಗಡಿಯಾರ ನೋಡಿಕೊಂಡು ಕಾಲು ಗಂಟೆಗೊಮ್ಮೆ ಬಂದು, ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಎರಡು ತುದಿ ಹಿಡಿದು, ಬೆರಳು ತಾಗದ ಹಾಗೆ ಇಟ್ಟು ಹೋಗುತ್ತಿದ್ದಳು. ಮೂರು ದಿನ. ಒಂದು ಕಾಲು ಗಂಟೆಯೂ ತಪ್ಪಲಿಲ್ಲ. ಆ ಮೂರು ದಿನ ಡಬ್ಬಿಗಳು ಹೇಗಿದ್ದವೋ, ಸೋಮವಾರ ಯಾವಾಗ ಬಂತೋ ಅವಳಿಗೆ ಗೊತ್ತೇ ಇರಲಿಲ್ಲವೆಂದು ಅಪ್ಪ ಎಷ್ಟೋ ವರ್ಷಗಳ ಮೇಲೆ ಹೇಳಿದ. ನಾನು ಕೈ ಬರಲಿಲ್ಲವೆಂದು ಗೋಡೆಗೆ ಹೊರಳಿ ಮಲಗಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಮನೆಗೆ ಬಂದಳು. ಅಪ್ಪ ಇದ್ದಷ್ಟು ದಿನ ಕಾಣದೆ ಇದ್ದದ್ದೆಲ್ಲ ಕಾಣತೊಡಗಿತು. ಮಿಕ್ಸಿ, ಟಿವಿ, ಗಲಗಲ ಮಾತಾಡುವ ನೆರೆಮನೆಯವರು, ಯಾವ ವಾರಕ್ಕೂ ಸೇರದ ನನ್ನ ಅವಸರದ ಅಡುಗೆ. ಹಟ ಎಂದೆ, ಮುಪ್ಪು ಎಂದೆ, ಒಂದು ದಿನ ಜೋರಾಗಿ ಕೂಗಿಯೂ ಬಿಟ್ಟೆ. ಆಮೇಲೆ ನಮ್ಮ ಶಾಲೆಯ ಮಾಸ್ತರರಿಗೆಲ್ಲ ಒಂದು ತರಬೇತಿಯಾಯಿತು, ವಿಶೇಷ ಅಗತ್ಯದ ಮಕ್ಕಳನ್ನು ಗುರುತಿಸುವುದು ಹೇಗೆಂದು. ನನ್ನ ಕ್ಲಾಸಿನ ಒಬ್ಬ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪಟ್ಟಿಗೆ ಗುರುತು ಹಾಕುತ್ತ ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಗೊತ್ತಾಯಿತು, ನಾನು ಬಾವಿಕಟ್ಟೆಯ ಹತ್ತಿರ ನಿಂತವಳಿಗೆ ಗುರುತು ಹಾಕುತ್ತಿದ್ದೆ. ಒಂದು ತಿಂಗಳು ಆ ಹಾಳೆಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಚಿಂತಿಸಿ, ಕೊನೆಗೆ ಮನೋವೈದ್ಯೆಯ ಹತ್ತಿರ ಕರೆದೊಯ್ದೆ. ಆಕೆ ಎರಡು ಮೂರು ಸಲ ಕರೆಸಿ, ನಿಧಾನವಾಗಿ ಮಾತಾಡಿಸಿ, ಆಟಿಸಂ ಎಂದರು. ಹುಟ್ಟಿದಾಗಿನಿಂದ ಇದ್ದದ್ದು, ರೋಗವಲ್ಲ, ಇವರ ಮಿದುಳು ಲೋಕವನ್ನು ಬರಮಾಡಿಕೊಳ್ಳುವ ರೀತಿಯೇ ಬೇರೆ ಎಂದರು. ಆಟೋದಲ್ಲಿ ಬರುವಾಗ ಅಮ್ಮ ಬಹಳ ಹೊತ್ತು ರಸ್ತೆ ನೋಡಿ ಕೇಳಿದಳು:

"ಅದಕ್ಕ ಹೆಸರದ ಅಂದ್ರ, ಇಂಥಾವ್ರು ಇನ್ನೂ ಇದ್ದಾರ?"

"ಇದ್ದಾರಂತಮ್ಮ."

"ಎಷ್ಟು ಮಂದಿ?"

"ಗೊತ್ತಿಲ್ಲ."

"ಕೇಳಬೇಕಿತ್ತು."

ಅಷ್ಟೇ. ಅವಳ ಮಟ್ಟಿಗೆ ವಿಷಯ ಮುಗಿಯಿತು. ನಾನು ಅದರ ಮೇಲೆ ಸಿಕ್ಕಿದ್ದೆಲ್ಲ ಓದಿ ಪಂಡಿತೆಯಾದೆ. ಇಷ್ಟು ಓದಿಯೂ, ಅವಳ ಕೈ ಮುರಿದ ದಿನ, ತುತ್ತು ಕಲಸಿ ಬಾಯಿಗೆ ಹಿಡಿದೆ ನೋಡಿ.

ಕೈ ಮುರಿದ ಮರುದಿನ ಮಲ್ಲಮ್ಮನನ್ನು ಇಟ್ಟುಕೊಂಡೆವು. ದೇವದುರ್ಗ ತಾಲೂಕಿನ ಗೂಗಲ್ಲಿನವಳು, ನಲವತ್ತರ ಆಸುಪಾಸು, ಹೊಲದ ಕೂಲಿ ಬಿಟ್ಟು ರಾಯಚೂರಿಗೆ ಬಂದು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದವಳು. ಹೊಸ್ತಿಲ ಹೊರಗೇ ನಿಂತು, ಸೆರಗು ಬಿಗಿಸಿಕೊಂಡು ಕೇಳಿದಳು:

"ಯವ್ವಾ, ಮೊದ್ಲ ಕೇಳಿಬಿಡ್ತೀನ್ರಿ. ನಾವು ಯಾ ಮಂದಿ ಅಂಬದು ಗೊತ್ತದಲ್ಲ? ನಾ ಮುಟ್ಟಿದ್ರ ನಿಮ್ಮವ್ವಾರಿಗೆ ನಡೀತದೇನ್ರಿ? ಆಮ್ಯಾಲ ನೀರು ಚಿಮಕಿಸ್ಕಂತ ಕುಂದ್ರಾದು ನನಗ ಆಗಂಗಿಲ್ಲ."

ನನಗೆ ಈರಮ್ಮ ನೆನಪಾಗಿ ಮುಖ ಬಿಸಿಯಾಯಿತು. "ಅಮ್ಮಗ ಯಾರು ಮುಟ್ಟಿದ್ರೂ ನಡೆಯಂಗಿಲ್ಲ ಮಲ್ಲಮ್ಮಾ. ನಾ ಮುಟ್ಟಿದ್ರೂ ನಡೆಯಂಗಿಲ್ಲ" ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕಳು. "ಮಗಳನ್ನೂ ನನ್ನನ್ನೂ ಒಂದ ಸಾಲಿನ್ಯಾಗ ಕುಂದ್ರಸ್ಯಾರಂದ್ರ, ಚಲೋ ಮಂದಿ ಬಿಡ್ರಿ" ಎನ್ನುತ್ತ ಒಳಗೆ ಬಂದಳು.

ಅಮ್ಮ ಅವಳಿಗೂ ಮೈ ಮುಟ್ಟಗೊಡಲಿಲ್ಲ, ಸ್ನಾನವಿಲ್ಲ, ಊಟವಿಲ್ಲ. ಬಲಗೈ ಪ್ಲಾಸ್ಟರಿನಲ್ಲಿ, ಬತ್ತಿ ಹೊಸೆಯುವಂತಿಲ್ಲ. ಎಡಗೈ ತೊಡೆಯ ಮೇಲೆ ಖಾಲಿ ಖಾಲಿ ಉಜ್ಜಿಕೊಳ್ಳುತ್ತಿತ್ತು. ಮೂರನೆಯ ದಿನ ಡಾಕ್ಟರ ಮಾತು ಕೇಳಿ ನಾನು ತಟ್ಟೆ ಹಿಡಿದು ನಿಂತಾಗ ಮಲ್ಲಮ್ಮ ಕಸಬರಿಗೆ ಬದಿಗಿಟ್ಟು ಹೇಳಿದಳು:

"ಯವ್ವಾ, ಸಿಟ್ಟಾಗಬ್ಯಾಡ್ರಿ. ಅವ್ರು ಉಣ್ಣಂಗಿಲ್ಲ ಅಂತ ನೀವು ಅಳಾಕತ್ತೀರಿ. ಉಣ್ಣಾದು ಹೆಂಗ್ರಿ? ರೊಟ್ಟಿ ತಿಂಬರ ಮುಂದ ನಾಯಿ ಕುಂತಂಗ ಅವ್ರ ಬಾಯಿನ ನೋಡಾಕತ್ತೀರಿ. ನನಗಾದ್ರೂ ಗಂಟಲದಾಗ ಇಳಿಯಂಗಿಲ್ಲ."

ಸಿಟ್ಟು ಬಂತು. ಬಂದ ಸಿಟ್ಟಿನ ಹಿಂದೆಯೇ ಮುಕ್ಕಾಲು ಮುಚ್ಚಿದ ಆ ಬಾಗಿಲು ಬಂತು. ಗೋಡೆಗೆ ಮುಖ. ಮೊಣಕೈ. ಈ ಹೆಂಗಸು ತನ್ನ ಜೀವಮಾನದಲ್ಲಿ ಯಾರ ಎದುರೂ ಉಂಡವಳಲ್ಲ, ನಮ್ಮ ಮನೆಯಲ್ಲೂ ತಟ್ಟೆಯನ್ನು ತನ್ನ ಕೋಣೆಗೇ ಒಯ್ಯುತ್ತಿದ್ದಳು. ಆ ಅರ್ಧ ಗಂಟೆಗಾಗಿಯೇ ಬೆಳಗಿನಿಂದ ಮಡಿಯಲ್ಲಿ ಇರುತ್ತಿದ್ದಳೋ ಏನೋ. ಸರಿ, ನೋಡದೆ ಇರಬಹುದು. ಆದರೆ ಎಡಗೈ? ಎಡಗೈಲೆ ಉಣಬಾರದು. ಒಮ್ಮೆ ಒಳಹೊಕ್ಕ ನಿಯಮವನ್ನು ಅವಳ ತಲೆಯಿಂದ ಹೊರಗೆ ಕಳಿಸಬಲ್ಲ ಒಬ್ಬನೇ ಮನುಷ್ಯ ಇದ್ದ, ಅವನು ಫೋಟೋದಲ್ಲಿದ್ದ.

ಅಮ್ಮನ ಒತ್ತಾಯಕ್ಕೆ ನಮ್ಮ ಮನೆಯಲ್ಲೂ ಪ್ರತಿ ವರ್ಷ ಮಠದ ಪಂಚಾಂಗ ಬರುತ್ತದೆ. ಅದನ್ನು ಗೂಟದಿಂದ ತೆಗೆದೆ. ಮೂವತ್ತು ವರ್ಷದಿಂದ ಮಕ್ಕಳಿಗೆ ಕಾಪಿ ಹೊಡೆಯಬಾರದೆಂದು ಹೇಳುತ್ತ ಬಂದವಳು ನಾನು. ಅಮ್ಮನ ಕೋಣೆಯ ಬಾಗಿಲಲ್ಲಿ, ಅವಳ ಮುಖ ನೋಡದೆ ನಿಂತು, ಕನ್ನಡಕ ಏರಿಸಿಕೊಂಡೆ.

"ಅಮ್ಮ, ಇಲ್ಲೊಂದು ಬರದದ. ಬಲಗೈ ಕಟ್ಟಿಸಿಕೊಂಡವರು, ಕಟ್ಟು ಬಿಚ್ಚೋತನ, ಎಡಗೈಲೆ ಚಮಚ ಹಿಡದು ಉಣಬಹುದು. ದೋಷ ಇಲ್ಲ. ಪೂರ್ವಕ್ಕ ಮುಖ ಮಾಡಿ ಕೂಡಬೇಕು. ಯಾರೂ ನೋಡಬಾರದು."

ಫ್ಯಾನು ತಿರುಗುತ್ತಿತ್ತು. ಎಡಗೈ ತೊಡೆಯ ಮೇಲೆ ಉಜ್ಜುವುದು ನಿಂತಿತು.

"ಎಷ್ಟನೇ ಪುಟ?"

"ಮೂವತ್ತೊಂದು."

"ಆ ಪುಟದಾಗ ಮಳಿ ನಕ್ಷತ್ರ ಇರ್ತಾವ."

ನನ್ನ ಕಿವಿಯಲ್ಲಿ ಮಾನ್ವಿಯ ಮಿಲ್ಲುಗಳೆಲ್ಲ ಒಟ್ಟಿಗೆ ಶುರುವಾದವು. ಮುಗಿಯಿತು ಎಂದುಕೊಂಡೆ. ಅಮ್ಮ ಗೋಡೆಯ ಕಡೆ ನೋಡುತ್ತ, ಡಬ್ಬಿಗಳ ಹೆಸರು ಹೇಳುವ ಅದೇ ದನಿಯಲ್ಲಿ ಮುಂದುವರಿಸಿದಳು.

"ನೀ ಗಂಜಿ ಹಚ್ಚಿ ಅಂಟಸ್ತಿದ್ದಿ. ನನಗ ಮಳಿ ನೋಡೋದಿರ್ತಿತ್ತು. ಸಾರಿನ ಉಗಿ ಹಿಡದು ಬಿಡಸಿ, ನೋಡಿ, ಮತ್ತ ಅಂಟಸ್ತಿದ್ದೆ. ನೀ ಅಂಟಸಿದ್ದು ಹಂಗ ಇರಲಿ ಅಂತ. ನೀ ಹೋದ ಮ್ಯಾಲ ಅಂಟಸೋದು ಬಿಟ್ಟೆ."

ಹತ್ತು ಹನ್ನೆರಡು ಯುಗಾದಿ ಗಂಜಿಯ ಬಟ್ಟಲು ಮುಚ್ಚಿಟ್ಟು ಓಡಾಡಿದ್ದು, ಆಮೇಲೆ ಮೂವತ್ತು ವರ್ಷ ಹೆದರಿದ್ದು, ಎಲ್ಲ ಸಾರಿನ ಉಗಿಗೆ ಹೋಗಿತ್ತು.

"ಹಂಗಾದ್ರ ಅಪ್ಪ ಓದತಿದ್ದದ್ದೆಲ್ಲ ಸುಳ್ಳು ಅಂತ ನಿನಗ ಮೊದಲಿಂದ ಗೊತ್ತಿತ್ತೇನು?"

"ಸುಳ್ಳು ಯಾಕ?" ಅಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅವರು ಹೇಳತಿದ್ರು. ಹೇಳಿದ ಮ್ಯಾಲ ಹಂಗ ನಡಸ್ತಿದ್ರು. ಒಂದ ಸಲಾನೂ ತಪ್ಪಲಿಲ್ಲ." ಆಮೇಲೆ ಕೇಳಿದಳು: "ನೀ ನಡಸ್ತೀಯೇನು? ದಿನಾ? ಇಣಕಿ ನೋಡಂಗಿಲ್ಲ?"

ಊಟಕ್ಕಿಂತ ದೊಡ್ಡದನ್ನು ಕೇಳುತ್ತಿದ್ದಾಳೆಂದು ಗೊತ್ತಾಯಿತು. ನಾನು ಇಣುಕಿಯೇ ಬೆಳೆದವಳು.

"ನೋಡಂಗಿಲ್ಲಮ್ಮ."

"ಕಲಸಬ್ಯಾಡ. ಅನ್ನ ಬ್ಯಾರೆ, ತೊವ್ವಿ ಬ್ಯಾರೆ. ಸಣ್ಣ ಚಮಚ ತಾ."

ಪೂರ್ವದ ಗೋಡೆಗೆ ಸ್ಟೂಲು ಹಾಕಿ, ತಟ್ಟೆಯಿಟ್ಟು, ಬಾಗಿಲನ್ನು ಮುಕ್ಕಾಲು ಮುಚ್ಚಿ ಹೊರಬಂದು, ಅದಕ್ಕೆ ಬೆನ್ನು ಮಾಡಿ ಹೊರಗಿನ ಕೋಣೆಯಲ್ಲಿ ಕೂತೆ. ಮಲ್ಲಮ್ಮನನ್ನೂ ಹಾಗೇ ಕೂಡಿಸಿದೆ. ಬಹಳ ಹೊತ್ತು ಏನೂ ಇಲ್ಲ. ತಿರುಗಿ ನೋಡಬೇಕೆಂಬ ಆಸೆಗೆ ಕುತ್ತಿಗೆ ನೋಯತೊಡಗಿತು, ಗಂಟಲಿಗೆ ಸಿಕ್ಕಿಕೊಂಡರೆ? ಸ್ಟೂಲು ಜಾರಿದರೆ? ಕೊನೆಗೆ ಚಮಚ ತಟ್ಟೆಗೆ ತಾಗಿದ ಸದ್ದು. ತಡೆದು ಇನ್ನೊಂದು. ಬರಬರುತ್ತ ಅವುಗಳ ನಡುವಿನ ಹೊತ್ತು ಒಂದೇ ಅಳತೆಯದಾಯಿತು, ಬತ್ತಿಗಳ ಹಾಗೆ. ಅಷ್ಟರಲ್ಲಿ ಎದುರು ಮನೆಯವರು ಎರಡು ಮೋಸಂಬಿ ಹಿಡಿದು ಅಮ್ಮನನ್ನು ನೋಡಲು ಬಂದರು. ಕೋಣೆಯ ಕಡೆ ಹೆಜ್ಜೆ ಹಾಕುತ್ತಿದ್ದವರಿಗೆ ಅಡ್ಡ ನಿಂತೆ. ಬಾಯಿಂದ ಬಂದ ದನಿ ನನ್ನದಾಗಿರಲಿಲ್ಲ.

"ಅಮ್ಮ ಮಡಿಯಾಗ ಇದ್ದಾಳ್ರೀ."

ಮಲ್ಲಮ್ಮ ಸೆರಗು ಬಾಯಿಗೊತ್ತಿ ನಗು ತಡೆದಳು. ಎದುರು ಮನೆಯವರು ಭಕ್ತಿಯಿಂದ ಮೋಸಂಬಿ ಮೇಜಿನ ಮೇಲಿಟ್ಟು ಹೊರಟುಹೋದರು. ಚಮಚ ನಿಂತಿತು. ತಟ್ಟೆ ಸರಿಸಿದ ಸದ್ದಾಯಿತು. ಆಮೇಲೆ ಬಾಗಿಲ ಸಂದಿಯಿಂದ ಅಮ್ಮ ಕರೆದಳು.

"ಸುಧಾ. ನಾಳಿ ಸ್ನಾನದ್ದು ಏನರ ಬರದದೇನು, ನೋಡು."

ನಾನು ಮಲ್ಲಮ್ಮನ ಮುಖ ನೋಡಿದೆ. ಅವಳು ತನ್ನ ಎರಡೂ ಅಂಗೈ ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡು ಮೆಲ್ಲಗೆ ಹೇಳಿದಳು:

"ನನ್ನ ಕೈ ಗಟ್ಟಿ ಅದಾವ್ರಿ, ಕಚಗುಳಿ ಇಟ್ಟಂಗ ಮುಟ್ಟಂಗಿಲ್ಲ. ಎಲ್ಲಿ ಮುಟ್ತೀನಿ ಅಂತ ಮೊದ್ಲ ಹೇಳೇ ಮುಟ್ತೀನಿ. ಹಂಗಂತ ಓದ್ರಿ."

ಪಂಚಾಂಗ ಪಕ್ಕದಲ್ಲೇ ಇತ್ತು. ಮೂವತ್ತೊಂದನೆಯ ಪುಟದಲ್ಲಿ ಈ ಸಲ ಆರಿದ್ರಾ ಮಳೆ ಕಪ್ಪೆಯ ಮೇಲೆ ಕೂತು ಬರುವುದಿತ್ತು. ಗಂಟಲು ಸರಿಮಾಡಿಕೊಂಡು, ಒಳಗೆ ಕೇಳಿಸುವ ಹಾಗೆ ಓದಿದೆ:

"ಹೇಳಿ ಮುಟ್ಟಿದವರಿಂದ ಮೈಲಿಗೆಯಿಲ್ಲ."